ಹತ್ತು ಗುಂಡಿಯ ವಿದುಷಿ

"ಈ ಹುಡುಗಿ ಗಣಿತ ಪಾಸಾಗುದುಂಟಾ? ಆಗುದಿಲ್ಲ ಮಾರಾಯ್ರೇ. ಬೇಕಾದ್ರೆ ಬರ್ದು ಕೊಡ್ತೇನೆ" ಎಂದವರು ಪ್ರಭಾಕರ ರಾಯರು. ಉಡುಪಿ ಕಡೆಯವರು, ನಿವೃತ್ತ ಇಂಜಿನಿಯರು, ಈ ಪರದೇಶದ ಬೆರ್ರಿಯೆಸಾದಲ್ಲಿ ನಮ್ಮ ಮನೆಯಿಂದ ಮೂರು ಬೀದಿ ಆಚೆಗಿದ್ದಾರೆ. ನಮ್ಮವರ ಮಕ್ಕಳಿಗೆ ಉಚಿತವಾಗಿ ಗಣಿತ ಹೇಳಿಕೊಡುತ್ತಾರೆ. ಏಳನೇ ಕ್ಲಾಸಿನ ಮಗುವಿಗೆ ಒಂಬತ್ತನೆಯದರ ಪಾಠ, ಒಂಬತ್ತನೆಯದರ ಮಗುವಿಗೆ ಕಾಲೇಜಿನ ಪಾಠ. ಯಾವ ಮಗುವಿಗೂ ಅದರದೇ ಕ್ಲಾಸಿನ ಗಣಿತವನ್ನು ಅವರು ಹೇಳಿಕೊಟ್ಟಿದ್ದನ್ನು ನಾನು ನೋಡಿಲ್ಲ. ಅಂಥವರು ಇಪ್ಪತ್ತು ವರ್ಷದ ಆ ಹುಡುಗಿಯನ್ನು ಕಾಲು ಗಂಟೆ ಎದುರಿಗೆ ಕೂರಿಸಿಕೊಂಡು ಈ ತೀರ್ಪು ಕೊಟ್ಟರು. ಬರೆದುಕೊಡುತ್ತೇನೆ ಅಂದರಲ್ಲ, ಆಗಲೇ ಬರೆಸಿಕೊಳ್ಳಬೇಕಿತ್ತು. ಬಿಟ್ಟುಬಿಟ್ಟೆ.

ಹುಡುಗಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಲೇ ಎಂದು ಫೋನಿನಲ್ಲಿ ಕೇಳಿದೆ. "ಬೇಡ. ಹೆಸರು ಹಾಕಿದ್ರೆ ಮಾರ್ಕ್ಸೂ ಹಾಕ್ತೀರ" ಅಂದಳು. ನಾಲ್ಕು ವರ್ಷ ನಮ್ಮ ಹಿಂದಿನ ಬೇಲಿಯ ಆಚೆಗಿದ್ದವಳು. ಹೋದ ತಿಂಗಳು ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿಕೊಂಡು ತಮ್ಮ ಹಿರಿಯರ ಸೀಮೆ ಲೂಸಿಯಾನಾಕ್ಕೆ ಹೊರಟುಹೋದರು. ಆ ಮನೆಗೀಗ ಗಂಡ ಹೆಂಡತಿ ಇಬ್ಬರು ಬಂದಿದ್ದಾರೆ. ಇಬ್ಬರೂ ಮನೆಯಿಂದಲೇ ಆಫೀಸು ಮಾಡುವವರು. ಕೆಮ್ಮುವಾಗಲೂ ಮ್ಯೂಟ್ ಮಾಡಿಕೊಳ್ಳುವ ಜಾತಿ. ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ "ಅಂತೂ ಶಾಂತಿ ಸಿಕ್ಕಿತು" ಎಂದು ಯಾರೋ ಹಾಕಿದರು. ಹದಿನೇಳು ಜನ ಕೈ ಮುಗಿದರು. ಯಾರೋ ಸತ್ತಾಗ ಹಾಕುವ ಅದೇ ಕೈ. ಅವತ್ತೇ ಇದನ್ನು ಬರೆಯಲು ಕೂತೆ.

ಆ ಮನೆಗೆ ನಾನು ಮೊದಲ ಸಲ ಹೋಗಿದ್ದೂ ಆ ಗುಂಪಿನ ದಯೆಯಿಂದಲೇ. ಶನಿವಾರ ಮಧ್ಯಾಹ್ನವಾದರೆ ಸಾಕು, ಅಲ್ಲಿಂದ ಗದ್ದಲ ಶುರು. ಹಾರ್ಮೋನಿಯಂ ಅನ್ನೋಣವೆಂದರೆ ಹಾರ್ಮೋನಿಯಂ ಅಲ್ಲ. ಜೊತೆಗೆ ಪಿಟೀಲು, ಗಿಟಾರು, ಕಬ್ಬಿಣದ ಮೇಲೆ ಕಬ್ಬಿಣ ಹೊಡೆಯುವ ಟಿಣ್ ಟಿಣ್. ಗುಂಪಿನಲ್ಲಿ ಆರು ದಿನ ಚರ್ಚೆಯಾಯಿತು. ಒಬ್ಬರು ಶಬ್ದ ಅಳೆದು ಬಣ್ಣಬಣ್ಣದ ಚಾರ್ಟು ಹಾಕಿದರು. ಇನ್ನೊಬ್ಬರು ಆ ಚಾರ್ಟಿನ ತಪ್ಪು ತೋರಿಸಿ ಬೇರೆ ಚಾರ್ಟು ಹಾಕಿದರು. ಹೋಗಿ ಹೇಳುವುದು ಯಾರು ಎಂದಾಗ ಮಾತ್ರ ಎಲ್ಲರೂ ಒಮ್ಮತದಿಂದ ನನ್ನ ಕಡೆ ತಿರುಗಿದರು. "ನೀವು ಮಂಡ್ಯದವ್ರು ಶಿವಣ್ಣ, ಮುಖಕ್ಕೆ ಹೊಡೆದ ಹಾಗೆ ಮಾತಾಡ್ತೀರ." ಹೀಗೆ ಮಾತಾಡಬಾರದು ಎಂದು ಹದಿನೈದು ವರ್ಷದಿಂದ ನನಗೆ ಬುದ್ಧಿ ಹೇಳುತ್ತಿದ್ದವರೂ ಇವರೇ.

ಹೋದೆ. ಹಿತ್ತಲಲ್ಲಿ ಅಡುಗೆಮನೆಯ ಕುರ್ಚಿ ಹಾಕಿಕೊಂಡು ತೆಳ್ಳಗಿನ ಹುಡುಗಿಯೊಬ್ಬಳು ಕೂತಿದ್ದಳು. ತೊಡೆಯ ಮೇಲೆ ಅಕಾರ್ಡಿಯನ್. ಸಿನಿಮಾದಲ್ಲಿ ನೋಡುತ್ತೇವಲ್ಲ, ಪಿಯಾನೋದ ಮನೆ ಇರುವ ದೊಡ್ಡದು, ಅದಲ್ಲ. ಅಕ್ಕಿ ಡಬ್ಬದಷ್ಟು ಗಾತ್ರದ ಮರದ ಪೆಟ್ಟಿಗೆ, ಬಲಗೈಗೆ ಹತ್ತೇ ಹತ್ತು ಗುಂಡಿ. ಅಪ್ಪ ಪಿಟೀಲು, ಅಮ್ಮ ಗಿಟಾರು, ಬಾಗಿಸಿದ ಕಬ್ಬಿಣದ ತ್ರಿಕೋನಕ್ಕೆ ಬಡಿಯುವವನು ಚಿಕ್ಕಪ್ಪ. ನಡುವೆ ನಿಂತು ಅಜ್ಜಿ ಹಾಡುತ್ತಿದ್ದರು, ದೂರದ ಗದ್ದೆಯಲ್ಲಿರುವವರನ್ನು ಊಟಕ್ಕೆ ಕರೆಯುವಂಥ ಗಂಟಲಲ್ಲಿ.

"ಸ್ವಲ್ಪ ಸೌಂಡು..." ಎಂದು ನಾನು ಶುರು ಮಾಡಿದೆ.

"ಬಾ ಷಾ, ಮೊದ್ಲು ತಿನ್ನು" ಎಂದು ಅಜ್ಜಿ ಕೈಗೆ ಬಟ್ಟಲು ಕೊಟ್ಟರು. ಷಾ ಅಂದರೆ ಅವರ ಫ್ರೆಂಚಿನಲ್ಲಿ ಕಂದ, ಚಿನ್ನ ಅಂದ ಹಾಗೆ. ಮೀಸೆ ಬಂದವರಿಗೂ ಸಲ್ಲುತ್ತದೆ. ಬಟ್ಟಲಲ್ಲಿ ಅನ್ನ, ಅದರ ಮೇಲೆ ಬೆಂಡೆಕಾಯಿ ಹಾಕಿದ ಕೋಳಿ ಸಾರು. ದೂರು ಹೇಳಲು ಹೋದವನು ಎರಡು ಸಲ ಬಡಿಸಿಕೊಂಡೆ. ಬಟ್ಟಲು ಖಾಲಿಯಾಗಿದ್ದೇ ತಡ, ಅಜ್ಜಿ ನನ್ನ ಕೈ ಹಿಡಿದು ಕುಣಿಸತೊಡಗಿದರು. ಆ ಮನೆಯ ಕಾನೂನು ಅದು: ಬಾರಿಸುತ್ತಿರುವಾಗ ಯಾರೂ ಕೈ ಕಟ್ಟಿಕೊಂಡು ನೋಡುತ್ತ ನಿಲ್ಲುವಂತಿಲ್ಲ. ಒಂದು ಗಂಟೆಯ ನಂತರ ಬೆವರು ಒರೆಸಿಕೊಳ್ಳುತ್ತ ವಾಪಸು ಬಂದು ಗುಂಪಿನಲ್ಲಿ ಬರೆದೆ: "ಮಾತಾಡಿದ್ದೇನೆ. ಪರಿಶೀಲಿಸುತ್ತಾರಂತೆ."

ಇವರ ಹಾಡಿಗೆ ಕೇಜನ್ ಸಂಗೀತ ಅನ್ನುತ್ತಾರೆ. ಲೂಸಿಯಾನಾದ ಜೌಗು ನೆಲದಲ್ಲಿ ಬಹಳ ಹಿಂದೆ ಬಂದು ನೆಲೆನಿಂತ, ಫ್ರೆಂಚ್ ಮಾತಾಡುವ ರೈತರ ಮತ್ತು ಮೀನು ಹಿಡಿಯುವವರ ಹಾಡು. ಅಜ್ಜ ಇಲ್ಲಿಯ ಹಡಗುಕಟ್ಟೆಯ ಕೆಲಸಕ್ಕೆಂದು ಬಂದವರು ಹೆಂಡತಿಯನ್ನೂ ಹಾಡುಗಳನ್ನೂ ಜೊತೆಗೆ ಕರೆತಂದರು. ಈ ಹುಡುಗಿ ಹುಟ್ಟಿದ್ದು ಬೆಳೆದದ್ದು ಇಲ್ಲೇ. ಆದರೂ ಮಾತಿನ ರೀತಿ ಅಜ್ಜಿಯದೇ. ನನ್ನನ್ನು "ಮಿಸ್ಟರ್ ಶಿವು" ಅನ್ನುತ್ತಿದ್ದಳು. ದೊಡ್ಡವರನ್ನು ಬರೀ ಹೆಸರಿನಿಂದ ಕರೆಯಬಾರದು ಎಂದು ಅಜ್ಜಿ ಕಲಿಸಿದ್ದರಂತೆ. ನಮ್ಮ ಆಫೀಸಿನಲ್ಲಿ ಇಪ್ಪತ್ತೆರಡರ ಹುಡುಗರೂ ನನ್ನನ್ನು "ಶಿವ್" ಅನ್ನುತ್ತಾರೆ. ಬೇಲಿಯಾಚೆಯಿಂದ "ಮಿಸ್ಟರ್ ಶಿವು" ಕೇಳಿದಾಗ ಒಂದು ಗೇಣು ಎತ್ತರವಾದ ಹಾಗೆ ಆಗುತ್ತಿತ್ತು.

ಅವಳು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಕುಣಿಯುವವರ ಕಾಲು ನೋಡಿ ಬಾರಿಸುವವಳಿಗೆ ಅದೇ ಅಭ್ಯಾಸ. ಬೇಲಿಯಾಚೆ ನಮ್ಮ ಅಂಗಳದ ಹೆಜ್ಜೆ ಸದ್ದು ಕೇಳಿಯೇ "ಮಿಸ್ಟರ್ ಶಿವು, ನಿಮ್ಮ ಹೆಂಡತಿ ಬೆಳಿಗ್ಗೆಯಿಂದ ಕೋಪದಲ್ಲಿದ್ದಾರೆ, ಏನು ಮಾಡಿದ್ರಿ?" ಎಂದು ಕೇಳುತ್ತಿದ್ದಳು. ಒಂದು ಸಲವೂ ಸುಳ್ಳಾದದ್ದಿಲ್ಲ. ಇನ್ನೊಂದು ಅಭ್ಯಾಸ: ಏನು ಹೇಳಿದರೂ ಅವಳು "ಅರ್ಥ ಆಯ್ತು" ಅನ್ನುತ್ತಿರಲಿಲ್ಲ. "ಇನ್ನೊಂದ್ಸಲ" ಅನ್ನುತ್ತಿದ್ದಳು. ಅಜ್ಜಿಯ ಹಾಡುಗಳನ್ನು ಅವಳು ಕಲಿತದ್ದೂ ಹಾಗೇ. ಅಜ್ಜಿ ಇಸ್ತ್ರಿ ಮಾಡುತ್ತ ಹಾಡುವುದು, ಇವಳು ಮೇಜಿನ ಕೆಳಗೆ ಕೂತು "ಇನ್ನೊಂದ್ಸಲ" ಅನ್ನುವುದು. ಆ ಮನೆಯಲ್ಲಿ ಸಂಗೀತ ಬರೆದ ಒಂದು ಹಾಳೆಯನ್ನೂ ನಾನು ಕಾಣಲಿಲ್ಲ. ಅವಳ ಅಪ್ಪ ಹೇಳುತ್ತಿದ್ದ: "ಇಷ್ಟು ವರ್ಷದಲ್ಲಿ ನನ್ನ ಪಿಟೀಲು ನನ್ನ ಹತ್ರ ಯಾವ ಸರ್ಟಿಫಿಕೇಟೂ ಕೇಳಿಲ್ಲ."

ನನ್ನ ಮನೆ ಇದಕ್ಕೆ ಪೂರಾ ಉಲ್ಟಾ. ಬೇರೆಯವರ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದವನ ಮಗ ನಾನು. ನಮ್ಮ ವಂಶದಲ್ಲಿ ಡಿಗ್ರಿ ಹೆಸರಿನ ಕಾಗದ ಮುಟ್ಟಿದ ಮೊದಲನೆಯವನು. ಆ ಕಾಗದವನ್ನು ಚೌಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದೇನೆ. ನಮ್ಮ ಮದುವೆಯ ಫೋಟೋಕ್ಕಿಂತ ಅದು ದೊಡ್ಡದು ಎಂದು ಹೆಂಡತಿ ಸುಮಾ ಬಂದವರಿಗೆಲ್ಲ ಅಳೆದು ತೋರಿಸುತ್ತಾಳೆ. ನನಗೇನೂ ನಾಚಿಕೆಯಿಲ್ಲ.

ಯುಗಾದಿ ಕಾರ್ಯಕ್ರಮಕ್ಕೆ ಈ ಸಂಸಾರವನ್ನು ಕರೆಸೋಣ ಎಂದು ನಮ್ಮ ಕನ್ನಡ ಸಂಘದಲ್ಲಿ ಹೇಳಿದವನು ನಾನೇ. ಸಾಂಸ್ಕೃತಿಕ ಕಾರ್ಯದರ್ಶಿ ಒಂದು ಅರ್ಜಿ ಕಳಿಸಿದರು. ಅದರಲ್ಲಿ "ಗುರುಗಳ ಹೆಸರು" ಎಂಬ ಕಡೆ ಹುಡುಗಿ "ಅಜ್ಜಿ" ಎಂದು ಬರೆದಳು. "ವಿದ್ಯಾರ್ಹತೆ" ಎಂಬಲ್ಲಿ ಖಾಲಿ ಬಿಟ್ಟಳು. ನಮ್ಮ ಸಂಘದಲ್ಲಿ ಯಾವ ಕಾಲಮ್ಮೂ ಖಾಲಿ ಇರುವಂತಿಲ್ಲ. ಕಾರ್ಯದರ್ಶಿಗಳು ಸ್ವಲ್ಪ ಯೋಚಿಸಿ ತಾವೇ "ವಿದುಷಿ" ಎಂದು ತುಂಬಿದರು. ಹೀಗೆ ಅವಳು ವಿದುಷಿಯಾದಳು.

ಬಾರಿಸಲು ಕೊಟ್ಟಿದ್ದು ಎಂಟು ನಿಮಿಷ, ಸನ್ಮಾನಕ್ಕೆ ಹಿಡಿದದ್ದು ಇಪ್ಪತ್ತೈದು. ಐದು ಜನಕ್ಕೂ ಶಾಲು, ಹಾರ, ಹಣ್ಣಿನ ಬುಟ್ಟಿ. ಅಪ್ಪನ ತಲೆಗೆ ಮೈಸೂರು ಪೇಟ ಇಟ್ಟರು. ಪಿಟೀಲಿಗೆ ಗಲ್ಲ ಒತ್ತಿದಾಗಲೆಲ್ಲ ಅದು ಕಣ್ಣಿಗೆ ಜಾರುತ್ತಿತ್ತು. ಅಧ್ಯಕ್ಷರು ಸಂಸ್ಕೃತಿಗಳ ಸೇತುವೆಯ ಬಗ್ಗೆ ಮಾತಾಡಿದರು, ಉಪಾಧ್ಯಕ್ಷರು ಅದೇ ಸೇತುವೆಯ ಮೇಲೆ ಇನ್ನೊಂದು ಸಲ ಓಡಾಡಿದರು. ಕೊನೆಗೆ ನಿರೂಪಕಿ, "ಕಲಾವಿದರಿಗೆ ಗೌರವ ಕೊಡಿ, ದಯವಿಟ್ಟು ಯಾರೂ ಎದ್ದು ಓಡಾಡಬೇಡಿ" ಎಂದು ಕೈ ಮುಗಿದು ಕೇಳಿಕೊಂಡಳು. ಆರುನೂರು ಜನ ಬೆನ್ನು ನೇರ ಮಾಡಿ ಕೂತರು.

ಅಲ್ಲಿಗೆ ಕೆಟ್ಟಿತು. ಕೇಜನ್ ಬ್ಯಾಂಡಿನವರು ಒಬ್ಬರಾದರೂ ಎದ್ದು ಕುಣಿಯುವವರೆಗೆ ಹಾಡು ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಬಂದವರಿಗೆ ಅವಮಾನ. ನಮ್ಮವರು ಹಾಡು ನಿಲ್ಲುವವರೆಗೆ ಏಳುವುದಿಲ್ಲ. ಎದ್ದರೆ ಹಾಡುವವರಿಗೆ ಅವಮಾನ. ಇವರು ಬಾರಿಸುತ್ತಲೇ ಇದ್ದಾರೆ, ಅವರು ತೊಡೆಯ ಮೇಲೆ ತಾಳ ಹಾಕುತ್ತಲೇ ಇದ್ದಾರೆ. ಹತ್ತು ನಿಮಿಷ ಆಯಿತು, ಹದಿನೈದಾಯಿತು. ಮುಂದಿನ ಸಮೂಹ ನೃತ್ಯಕ್ಕೆ ನವಿಲುಗರಿ ಕಟ್ಟಿಕೊಂಡ ನಲವತ್ತು ಮಕ್ಕಳು ಪಕ್ಕದಲ್ಲಿ ನಿಂತಿದ್ದರು. ಅವರ ತಾಯಂದಿರು ನನ್ನನ್ನು ನೋಡುತ್ತಿದ್ದ ರೀತಿ ಬರೆಯುವಂಥದ್ದಲ್ಲ. ಹುಡುಗಿ ಮುಂದಿನ ಸಾಲಿನ ಕಾಲುಗಳನ್ನೇ ನೋಡುತ್ತಿದ್ದಳು. ಒಂದೂ ಅಲುಗಲಿಲ್ಲ. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು.

ಆಗ ನಮ್ಮ ಅವ್ವ ಎದ್ದರು. ಆರು ತಿಂಗಳಿಗೆಂದು ಮದ್ದೂರಿನಿಂದ ಬಂದಿದ್ದರು. ಮಂಡಿ ನೋವು, ಎಡಕ್ಕೊಂದು ಬಲಕ್ಕೊಂದು ವಾಲುತ್ತ ನಡೆಯುತ್ತಾರೆ. ಆ ವಾಲುವಿಕೆ ಹಾಡಿನ ಲಯಕ್ಕೆ ಸರಿಯಾಗಿ ಕೂತುಬಿಟ್ಟಿತು. ಅಜ್ಜಿ ವೇದಿಕೆಯಿಂದ ಇಳಿದು ಓಡಿಬಂದು ಅವ್ವನ ಎರಡೂ ಕೈ ಹಿಡಿದರು.

"ಅಯ್ಯೋ ಬುಡವ್ವ, ನಾನು ಒಂದಕ್ಕೆ ಹೊಂಟಿವ್ನಿ!" ಎಂದು ಅವ್ವ ಅಂದಿದ್ದು ನನಗೊಬ್ಬನಿಗೇ ಕೇಳಿಸಿತು. ಅಜ್ಜಿ ಒಂದು ಸುತ್ತು ತಿರುಗಿಸಿದರು. ಅಕಾರ್ಡಿಯನ್ ಜೋರಾಗಿ ಒಂದು ಉಸಿರೆಳೆದು ನಿಂತಿತು. ಆರುನೂರು ಜನ ಎದ್ದು ಚಪ್ಪಾಳೆ ಹೊಡೆದರು. ಅವ್ವ ಆ ಚಪ್ಪಾಳೆಯ ನಡುವೆಯೇ ಬಾತ್‌ರೂಮಿನ ಕಡೆ ನಡೆದರು. ಆ ವರ್ಷದ ಸಂಘದ ವರದಿಯಲ್ಲಿ "ಹಿರಿಯರೊಬ್ಬರು ಭಾವಪರವಶರಾಗಿ ನರ್ತಿಸಿದರು" ಎಂದಿದೆ.

ಆ ದಿನದ ಮುಖ್ಯ ಅತಿಥಿ ನಮ್ಮ ಪಕ್ಕದ ಪ್ರೈಮರಿ ಶಾಲೆಯ ಪ್ರಿನ್ಸಿಪಾಲರು. ನಮ್ಮ ಭಾನುವಾರದ ಕನ್ನಡ ಕ್ಲಾಸಿಗೆ ಕೋಣೆ ಕೊಡುವುದು ಅವರೇ. ಕಾರ್ಯಕ್ರಮ ಮುಗಿದ ಮೇಲೆ ಹುಡುಗಿಯ ಹತ್ತಿರ ಬಂದು, "ನಮ್ಮ ಮಕ್ಕಳಿಗೆ ಸಂಗೀತದ ಸಹಾಯಕಿ ಬೇಕು. ಆಗಸ್ಟಿಗೆ ಶಾಲೆ ಶುರುವಾಗೋ ಹೊತ್ತಿಗೆ ಬರ್ತೀಯಾ? ನಿನ್ನ ಹೈಸ್ಕೂಲ್ ಸರ್ಟಿಫಿಕೇಟ್ ಕಳಿಸು" ಅಂದರು.

ಅವಳ ಹತ್ತಿರ ಅಂಥದ್ದೊಂದು ಇರಲಿಲ್ಲ. ಹದಿನಾಲ್ಕಕ್ಕೇ ಶಾಲೆ ಬಿಟ್ಟಿದ್ದಳು. ಬ್ಯಾಂಡು ಊರೂರು ಸುತ್ತುವಾಗ ಮಗಳನ್ನು ನಾವೇ ಓದಿಸುತ್ತೇವೆ ಎಂದು ಅಪ್ಪ ಶಾಲೆಗೆ ಹೇಳಿದ್ದ. ಓದಿಸಿದ್ದು ಫ್ರೀವೇ ನಕ್ಷೆ ಒಂದನ್ನೇ. ಹುಡುಗಿ ಮುಗ್ಧವಾಗಿ ನಮ್ಮ ಸಂಘ ಕೊಟ್ಟ ಪ್ರಶಸ್ತಿ ಪತ್ರವನ್ನೇ ಶಾಲೆಗೆ ಒಯ್ದು ಕೊಟ್ಟಳು. ಚಿನ್ನದ ಅಂಚು, ಮೂರು ಸಹಿ, ನಡುವೆ ದಪ್ಪಕ್ಷರದಲ್ಲಿ "ಸಂಗೀತ ವಿದುಷಿ". ಶಾಲೆಯ ಆಫೀಸಿನವರು ತಿರುಗಿಸಿ ತಿರುಗಿಸಿ ನೋಡಿ, ಬಹಳ ಚೆನ್ನಾಗಿದೆ ಎಂದು ಹೊಗಳಿ ವಾಪಸು ಕೊಟ್ಟರು.

"ಬಿಡಮ್ಮ, ಬ್ಯಾಂಡ್ ಇದೆಯಲ್ಲ" ಅಂದಳು ಸುಮಾ, ಸಮಾಧಾನಕ್ಕೆ.

ಹುಡುಗಿ ಬೇಲಿಯ ಹಲಗೆ ಕೆರೆಯುತ್ತ ಹೇಳಿದಳು: "ಬ್ಯಾಂಡಲ್ಲಿ ಈಗ ಐದು ಜನ. ಅಜ್ಜಿ ಹೋದ್ರೆ ನಾಲ್ಕು. ಚಿಕ್ಕಪ್ಪನಿಗೆ ಮದುವೆ ಇಲ್ಲ, ಮಕ್ಕಳಿಲ್ಲ. ಅಪ್ಪ ಅಮ್ಮ ಆದ್ಮೇಲೆ ನಾನೊಬ್ಳೇ. ಆ ಸ್ಕೂಲಲ್ಲಿ ಮುನ್ನೂರು ಮಕ್ಕಳಿದ್ದಾರೆ."

ಲೆಕ್ಕ ಬರುವುದಿಲ್ಲ ಅನ್ನಿಸಿಕೊಂಡವಳು ಮಾಡಿದ ಲೆಕ್ಕ ಅದು. ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ದಾರಿಯೊಂದಿತ್ತು. ವಯಸ್ಕರ ಶಾಲೆಯಲ್ಲಿ ಹೈಸ್ಕೂಲಿಗೆ ಸಮನಾದ ಪರೀಕ್ಷೆ ಕಟ್ಟಬಹುದು, ನಾಲ್ಕು ವಿಷಯ. ಭಾಷೆ, ವಿಜ್ಞಾನ, ಸಮಾಜ ಮೂರನ್ನೂ ಅವಳು ಒಂದೇ ತಿಂಗಳಲ್ಲಿ ಮುಗಿಸಿದಳು. ಉಳಿದದ್ದು ಗಣಿತ. ರಾಯರ ಹತ್ತಿರ ಕರೆದುಕೊಂಡು ಹೋದವನು ನಾನೇ. ಅವರು ಒಂದು ಹಾಳೆ ಕೊಟ್ಟು "ಮಾಡು" ಅಂದರು. ಅವಳು ಹಾಳೆ ನೋಡಿ, "ಇದನ್ನ ಒಂದ್ಸಲ ಬಾಯಲ್ಲಿ ಹೇಳ್ತೀರಾ?" ಅಂದಳು. ರಾಯರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಎಂತ ಮಾರಾಯ್ರೇ, ಇದಕ್ಕೆ ಓದ್ಲಿಕ್ಕೂ ಬರುದಿಲ್ವಾ?" ಅಂದರು. ಆಮೇಲಿನದು ಮೊದಲೇ ಹೇಳಿದ್ದೇನೆ.

ವಾಪಸು ಬರುವಾಗ ಕಾರಿನಲ್ಲಿ ಅವಳು ಕೇಳಿದಳು: "ಅವ್ರು ಏನಂದ್ರು?"

"ಕಷ್ಟ ಅಂದ್ರು."

"ಕಷ್ಟ ಅನ್ನೋಕೆ ಅಷ್ಟು ಮಾತು ಬೇಕಾ ನಿಮ್ಮ ಭಾಷೇಲಿ?"

ನಾನು ಹೇಳಿಕೊಡುತ್ತೇನೆ ಅಂದುಬಿಟ್ಟೆ. ನಮ್ಮ ಗರಾಜಿನಲ್ಲಿ ಬಿಳಿ ಹಲಗೆ ತೂಗುಹಾಕಿ, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಪಾಠ. ಮೊದಲ ಎರಡು ವಾರ ರಾಯರೇ ಸರಿ ಅನ್ನಿಸಿತು. ನಾನು ಹಲಗೆ ತುಂಬ ಬರೆಯುವುದು, ಅವಳು ನನ್ನ ಚಪ್ಪಲಿ ನೋಡುವುದು. ನನಗೆ ದನಿ ಏರುವುದು, ಒಳಗಿನಿಂದ ಮಗಳು "ಅಪ್ಪಾ, ಸ್ಟಾಪ್ ಶೌಟಿಂಗ್!" ಅನ್ನುವುದು. ಮೂರನೇ ಭಾನುವಾರ ರೋಸಿಹೋಗಿ, "ನಮ್ಮೂರ ಸ್ಕೂಲಲ್ಲಾಗಿದ್ರೆ ನಿನ್ನ ನಿಲ್ಲಿಸಿ ಮಗ್ಗಿ ಹೇಳಿಸ್ತಿದ್ರು" ಅಂದೆ. ಮಗ್ಗಿ ಅಂದರೇನು ಎಂದಳು. ಕಣ್ಣು ಮುಚ್ಚಿ ಶುರು ಮಾಡಿದೆ: ಎರಡೊಂದ್ಲ ಎರಡು, ಎರಡೆರಡ್ಲ ನಾಕು, ಎರಡ್ಮೂರ್ಲ ಆರು. ಮೂವತ್ತು ಮಕ್ಕಳು ಒಟ್ಟಿಗೆ ಕಿರುಚುವ ಆ ರಾಗವೇ ಬಂತು, ನನಗೇ ಗೊತ್ತಿಲ್ಲದೆ.

ಅವಳು ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದಳು. "ಇನ್ನೊಂದ್ಸಲ" ಅಂದಳು.

ಮಧ್ಯಾಹ್ನದ ಹೊತ್ತಿಗೆ ಅವಳು ಹತ್ತರವರೆಗೆ ಮಗ್ಗಿಯನ್ನು ಕನ್ನಡದಲ್ಲಿ ಹೇಳುತ್ತ ಅಕಾರ್ಡಿಯನ್ನಿನಲ್ಲಿ ಬಾರಿಸುತ್ತಿದ್ದಳು. ಅವ್ವ ಹೊರಗೆ ಬಂದು ಕೇಳಿ, "ನಿನಗಿಂತ ಚೆಂದಾಗಿ ಹೇಳ್ತದೆ ಕಣ್ಲಾ ಈ ಮಗ" ಅಂದರು. ಅಂದಿನಿಂದ ನಾನು ಹಲಗೆ ಒರೆಸಿಬಿಟ್ಟೆ. ಸೂತ್ರವನ್ನೆಲ್ಲ ಮಗ್ಗಿಯ ಧಾಟಿಗೆ ಕೂರಿಸಿ ಬಾಯಲ್ಲಿ ಹೇಳಿದೆ. ಒಂದು ಸಲ ಕಿವಿಗೆ ಬಿದ್ದದ್ದು ಅವಳಿಂದ ಹೋಗುತ್ತಿರಲಿಲ್ಲ. ಋಣ ಸಂಖ್ಯೆ, ಧನ ಸಂಖ್ಯೆ ವಿವರಿಸಲು ನಾನು ಸಾಲ, ಬಾವಿ, ಮೆಟ್ಟಿಲು ಎಲ್ಲ ಉದಾಹರಣೆ ಕೊಟ್ಟು ಸುಸ್ತಾದಾಗ, ಅವಳು ಪೆಟ್ಟಿಗೆ ಎತ್ತಿಕೊಂಡು ಒಂದು ಗುಂಡಿ ಒತ್ತಿ ತಳ್ಳಿದಳು: ಒಂದು ಸ್ವರ. ಅದೇ ಗುಂಡಿ ಒತ್ತಿ ಎಳೆದಳು: ಇನ್ನೊಂದು ಸ್ವರ. "ಗುಂಡಿ ಒಂದೇ. ತಳ್ಳಿದ್ರೆ ಪ್ಲಸ್, ಎಳೆದ್ರೆ ಮೈನಸ್. ಇಷ್ಟಕ್ಕೆ ಯಾಕೆ ಒಂದು ವಾರ ಹಿಡೀತು ನಿಮಗೆ?"

ಮೇ ಕೊನೆಯಲ್ಲಿ ಪರೀಕ್ಷೆ ಬರೆದಳು. ಎರಡು ಅಂಕದಲ್ಲಿ ಹೋಯಿತು.

ಆಗಿದ್ದು ಇಷ್ಟು. ಪರೀಕ್ಷೆಯ ಕೋಣೆಯಲ್ಲಿ ಎಲ್ಲರೂ ಕಂಪ್ಯೂಟರಿನ ಮುಂದೆ ಮೌನವಾಗಿ ಕೂರಬೇಕು. ಇವಳು ಮೊದಲ ಲೆಕ್ಕಕ್ಕೇ ಸೂತ್ರವನ್ನು ಗುನುಗಿದ್ದಾಳೆ, ಅದೂ ಅರ್ಧ ಕನ್ನಡದಲ್ಲಿ. ಮೇಲ್ವಿಚಾರಕಿ ಬಂದು ಎಚ್ಚರಿಸಿದರು. ಎರಡನೇ ಸಲ ಗೊತ್ತಿಲ್ಲದೆ ಕಾಲಿನಿಂದ ತಾಳ ಹಾಕಿದಳು, ಮತ್ತೆ ಬಂದರು. ಇನ್ನೊಂದು ಸಲವಾದರೆ ಎಬ್ಬಿಸಿ ಕಳಿಸುತ್ತೇವೆ ಅಂದರು. ಅಲ್ಲಿಂದ ಮುಂದೆ ಅವಳು ಕಲ್ಲಿನ ಹಾಗೆ ಕೂತಳು. ಬಾಯಿ ಮುಚ್ಚಿದೊಡನೆ ಗಣಿತವೂ ಮುಚ್ಚಿಹೋಯಿತು.

ಮುಂದಿನ ಭಾನುವಾರ ಗರಾಜಿಗೆ ಬಂದಳು, ಪೆಟ್ಟಿಗೆ ತಂದಿರಲಿಲ್ಲ. "ಥ್ಯಾಂಕ್ಸ್ ಹೇಳೋಕೆ ಬಂದೆ, ಮಿಸ್ಟರ್ ಶಿವು. ನಿಮ್ಮಂಥವ್ರಿಗೆ ಇದು ಗೊತ್ತಾಗಲ್ಲ. ನಿಮ್ದು ಗೋಡೆ ಮೇಲಿದೆ."

ಹತ್ತೊಂಬತ್ತು ವರ್ಷದಿಂದ ಯಾರಿಗೂ ಹೇಳದ ಮಾತೊಂದು ನನ್ನಲ್ಲಿತ್ತು. ಅದನ್ನು ಹೇಳಿದೆ. ಇಂಜಿನಿಯರಿಂಗಿನಲ್ಲಿ ಎಂ-ತ್ರೀ ಎಂದು ಒಂದು ಗಣಿತ ಇರುತ್ತದೆ, ಮೂರನೇ ಸೆಮಿಸ್ಟರಿಗೆ. ಅದರಲ್ಲಿ ನಾನು ನಾಲ್ಕು ಸಲ ಡುಮ್ಕಿ ಹೊಡೆದವನು. ಪ್ರತಿ ಸಲ ಫಲಿತಾಂಶ ಬಂದಾಗ ಅಪ್ಪ ಆಲೆಮನೆಯಿಂದ ಬಂದು, ಕೈ ತೊಳೆಯುವ ಮೊದಲು, "ಈ ಸಲ?" ಎಂದು ಕೇಳುತ್ತಿದ್ದ. ನಾಲ್ಕು ಸಲವೂ ನಾನು ನೆಲ ನೋಡಿದೆ. ಐದನೇ ಸಲ, ಪಾಸಿಗೆ ಮೂವತ್ತೈದು ಬೇಕಾದ ಕಡೆ ಮೂವತ್ತೇಳು ಬಂತು. ಗೋಡೆಯ ಮೇಲಿರುವುದು ಅದೇ.

ಒಳಬಾಗಿಲ ಹತ್ತಿರ ಕಾಫಿ ಲೋಟ ಹಿಡಿದು ನಿಂತಿದ್ದ ಸುಮಾ ಹೇಳಿದಳು: "ನಾಲ್ಕು ಸಲಾನಾ? ಹುಡುಗ ಮೊದ್ಲಿಂದ ಕೊನೇವರ್ಗೂ ಫಸ್ಟ್ ಕ್ಲಾಸು ಅಂದಿದ್ರಲ್ರೀ ಹೆಣ್ಣು ನೋಡೋಕೆ ಬಂದಾಗ ನಿಮ್ಮ ಸೋದರಮಾವ!" ಆ ಮಾತಿಗೆ ಹುಡುಗಿ ನಗಲು ಶುರು ಮಾಡಿದವಳು ನಿಲ್ಲಿಸಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಬೇಲಿಯಾಚೆ ಹೋಗಿ ಪೆಟ್ಟಿಗೆ ತಂದಳು.

ಆ ಎರಡು ತಿಂಗಳು ನಾವು ಗಣಿತ ಮಾಡಲಿಲ್ಲ, ಮೌನ ಮಾಡಿದೆವು. ಗುನುಗಬಾರದು, ಕಾಲು ಬಡಿಯಬಾರದು, ಬೆರಳಿನಿಂದ ಮೇಜು ಕುಟ್ಟಬಾರದು. ಉಪಾಯ ಹುಡುಕಿದ್ದು ಅವಳೇ. ಅಕಾರ್ಡಿಯನ್ ಅಂದರೆ ಉಸಿರು ತಾನೇ. ಪೆಟ್ಟಿಗೆಯ ತಿದಿಯ ಕೆಲಸವನ್ನು ತನ್ನ ಎದೆಗೆ ಕೊಟ್ಟಳು. ಉಸಿರು ಬಿಟ್ಟರೆ ಪ್ಲಸ್, ಎಳೆದುಕೊಂಡರೆ ಮೈನಸ್. ಸೂತ್ರದ ರಾಗವೆಲ್ಲ ಬಾಯಿ ಮುಚ್ಚಿದ ಹಾಗೇ ಮೂಗಿನಲ್ಲಿ ಹೋಗಿ ಬರಬೇಕು. "ಉಸಿರಾಡಬಾರದು ಅಂತ ರೂಲ್ಸಲ್ಲಿ ಇಲ್ಲ, ಎರಡು ಸಲ ಓದಿದೀನಿ" ಅಂದಳು. ರೂಲ್ಸ್ ಪುಸ್ತಕವನ್ನು ಅವಳು ತಾನಾಗಿ ಓದಿದ್ದು ಅದೊಂದೇ ಸಲ ಇರಬೇಕು. ನಾನು ಮೇಲ್ವಿಚಾರಕಿಯ ಹಾಗೆ ಹಿಂದೆ ಮುಂದೆ ಓಡಾಡುವುದು; ಅವಳು ಅಲುಗದೆ ಕೂತು, ನಮ್ಮೂರಲ್ಲಿ ಪಕ್ಕದ ಮನೆಯ ಎಮ್ಮೆ ಮಲಗಿದ ಹಾಗೆ ಉಸಿರಾಡುವುದು. ನೋಡಿದ ಮಗಳು "ದಿಸ್ ಈಸ್ ಸೋ ವಿಯರ್ಡ್" ಎಂದು ಒಳಗೆ ಹೋದಳು.

ಜುಲೈ ಕೊನೆಯಲ್ಲಿ ಎರಡನೇ ಸಲ ಬರೆದಳು. ನಾನು ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಮೀಟಿಂಗಿನ ನಡುವೆ ಕೂತಿದ್ದೆ. ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಹೊರಗೆ ಹೋಗಿ ಕಿವಿಗಿಟ್ಟುಕೊಂಡರೆ ಮಾತಿಲ್ಲ, ಬರೀ ಅಕಾರ್ಡಿಯನ್: ಎರಡರ ಮಗ್ಗಿ, ಎರಡೊಂದ್ಲದಿಂದ ಎರಡ್ಹತ್ಲದವರೆಗೆ, ಕುಣಿಯುವ ವೇಗದಲ್ಲಿ. ಪಾಸಾದಳು. ಎಷ್ಟರಲ್ಲಿ ಎಂಬುದನ್ನು ಬರೆಯುವುದಿಲ್ಲ, ಮಾತು ಕೊಟ್ಟಿದ್ದೇನೆ.

ಸರ್ಟಿಫಿಕೇಟು ಕೊಟ್ಟಿದ್ದು ಆಗಸ್ಟಿನ ಒಂದು ಶನಿವಾರ ಬೆಳಿಗ್ಗೆ, ವಯಸ್ಕರ ಶಾಲೆಯ ಊಟದ ಹಾಲಿನಲ್ಲಿ. ಸೋಮವಾರ ಪ್ರೈಮರಿ ಶಾಲೆ ಶುರು. ಮೂವತ್ತು ಚಿಲ್ಲರೆ ಜನ ಪಾಸಾದವರು. ಒಬ್ಬರು ವಿಯೆಟ್ನಾಮಿನ ಅಜ್ಜಿ, ಮೊಮ್ಮಗುವನ್ನು ಎತ್ತಿಕೊಂಡೇ ಸಾಲಿನಲ್ಲಿ ನಿಂತಿದ್ದರು. ಒಬ್ಬ ಲಾರಿ ಡ್ರೈವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಹೆಸರು ಕೂಗುವ ಮೊದಲೇ ಅಳುತ್ತಿದ್ದ. ಭಾಷಣ ಒಂದೇ, ಅದೂ ಮೂರು ನಿಮಿಷ. ನಮ್ಮ ಸಂಘದವರು ನೋಡಿದ್ದರೆ ಕಾರ್ಯಕ್ರಮ ಇನ್ನೂ ಶುರುವಾಗಿಲ್ಲ ಅಂದುಕೊಳ್ಳುತ್ತಿದ್ದರು. ಬ್ಯಾಂಡಿನ ಸಂಸಾರ ಒಂದು ಬೆಂಚಿನಲ್ಲಿ, ಅದರ ಪಕ್ಕದಲ್ಲೇ ನಾವು. ಹುಡುಗಿಯ ಅಪ್ಪ ಕೈಯಲ್ಲಿ ಪಿಟೀಲಿಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯದೆ ಅಂಗೈ ಉಜ್ಜಿಕೊಳ್ಳುತ್ತಿದ್ದ.

ಹೆಸರು ಕೂಗಿದರು. ಹುಡುಗಿ ಎದ್ದು ಹೋದಳು. ಮೇಜಿನ ಹಿಂದಿದ್ದ ಹೆಂಗಸು ಕೈ ಕುಲುಕಿ ಸರ್ಟಿಫಿಕೇಟು ಕೊಟ್ಟರು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೇರ ಬಂದು ಅಜ್ಜಿಯ ಮಡಿಲಲ್ಲಿ ಇಟ್ಟಳು. ಅಜ್ಜಿ ಕನ್ನಡಕ ಹಾಕಿಕೊಂಡು, ಬೆರಳಿನಿಂದ ಮುದ್ರೆಯನ್ನು ಸವರಿ, ನನ್ನ ಕಡೆ ವಾಲಿದರು.

"ಇದಿದ್ರೆ ಸೋಮವಾರ ಅವಳನ್ನ ಶಾಲೆಯೊಳಗೆ ಬಿಡ್ತಾರಾ, ಷಾ?"

"ಬಿಡ್ತಾರೆ ಅಜ್ಜಿ."

"ಮಕ್ಕಳ ಮುಂದೆ ನಮ್ಮ ಫ್ರೆಂಚಲ್ಲಿ ಹಾಡಿದ್ರೂ?"

"ಅದಕ್ಕೇ ತಾನೇ ಕರೆದಿರೋದು."

ಅಜ್ಜಿ ಕನ್ನಡಕ ತೆಗೆದು ಮಡಿಚಿದರು. "ನಮ್ಮ ಕಾಲಕ್ಕೆ ಶಾಲೇಲಿ ಇಂಗ್ಲಿಷ್ ಒಂದೇ. ಎರಡನೇ ಕ್ಲಾಸಲ್ಲಿ ನಾನು ಬಾಯಿ ತಪ್ಪಿ ಫ್ರೆಂಚಲ್ಲಿ ನೀರು ಕೇಳಿದೆ. ಒಣಗಿದ ಜೋಳದ ಕಾಳು ಚೆಲ್ಲಿ, ಅದರ ಮೇಲೆ ಮಂಡಿಯೂರಿಸಿದ್ರು. ಮಾರನೇ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ."

ಆಮೇಲೆ ಸರ್ಟಿಫಿಕೇಟನ್ನು ಕೈಚೀಲದೊಳಗೆ ತುರುಕಿ, ಮೇಜಿನ ಹಿಂದಿದ್ದ ಹೆಂಗಸನ್ನು ಓರೆಗಣ್ಣಲ್ಲಿ ನೋಡಿ, ದನಿ ತಗ್ಗಿಸಿ ಹೇಳಿದರು:

"ಏಳಿ, ಬೇಗ ನಡೀರಿ. ಇದನ್ನ ಎಂಥ ಮನೆಯವ್ರಿಗೆ ಕೊಟ್ಟುಬಿಟ್ರು ಅಂತ ಇವ್ರಿಗೆ ಗೊತ್ತಾಗೋಕೆ ಮುಂಚೆ."